ಐಬು ಹೇಳಿ ಮಾರಿದ ಕಾರು

ಊರಿಗೊಂದೋ ಎರಡೋ ಫೋನ್ ಬೂತುಗಳಿದ್ದು, ಮೊಬೈಲು ಇನ್ನೂ ನಮ್ಮಂಥವರ ಮನೆ ಹೊಕ್ಕಿರದ ವರ್ಷಗಳವು. ದಸರಾ ರಜೆ ಕೊಟ್ಟ ಮಾರನೇ ದಿನವೇ ನಾನು ಚಾಮರಾಜನಗರದಿಂದ ತೆರಕಣಾಂಬಿಗೆ, ಅಪ್ಪನ ಅಕ್ಕ ಸಾಕತ್ತೆಯ ಮನೆಗೆ ಹೋಗಿಬಿಡುತ್ತಿದ್ದೆ. ಅಲ್ಲಿ ಬೆಳಗಿನ ಹೊತ್ತು ನನಗೆ ಒಪ್ಪಿಸಿದ್ದ ಕೆಲಸ ಒಂದೇ. ಕಾಫಿ ಕುಡಿಯುವ ಮುಂಚೆ ಕಾರಿನಿಂದ ಮೊಟ್ಟೆ ತರುವುದು.

ಮಾವ ಇದ್ದಾಗ ಅರಿಶಿನದ ವ್ಯಾಪಾರಕ್ಕೆಂದು ಕೊಂಡ ಹಳೇ ಕಾರು ಅದು. ಕೆನೆ ಬಣ್ಣ. ಮಾವ ತೀರಿಕೊಂಡ ಮೇಲೆ ಅದನ್ನು ಓಡಿಸುವವರಿಲ್ಲದೆ ಕೊಟ್ಟಿಗೆಯಲ್ಲಿ, ಎರಡು ಎತ್ತುಗಳ ಪಕ್ಕ ಮೂರನೆಯದಾಗಿ ನಿಂತಿತ್ತು. ಹಿಂದಿನ ಎಡಗಡೆಯ ಗಾಜು ಅರ್ಧಕ್ಕೇ ಸಿಕ್ಕಿಹಾಕಿಕೊಂಡಿದ್ದರಿಂದ ಕೆಂಪು ಹ್ಯಾಟೆಯೊಂದು ಅಲ್ಲಿಂದ ಒಳಗೆ ಹಾರಿ ಹಿಂದಿನ ಸೀಟಿನಲ್ಲಿ ಮೊಟ್ಟೆ ಇಡುತ್ತಿತ್ತು. ಬಾಗಿಲು ತೆಗೆದರೆ ಬೆಚ್ಚಗಿನ ರೆಕ್ಸಿನ್ನಿನ ವಾಸನೆ, ಅದರ ಹಿಂದೆಯೇ ಅರಿಶಿನದ್ದು, ಆಮೇಲೆ ಕೋಳಿಯದು. ಈ ಮೂರೂ ಸೇರಿದ ವಾಸನೆಯನ್ನು ಆಮೇಲೆ ಎಲ್ಲೂ ಮೂಸಿಲ್ಲ. ಕಾರು ಮಾರಿದ ದಿನವೂ ಹಾಗೇ ಕೈ ಚಾಚಿ ಮೊಟ್ಟೆ ತೆಗೆದುಕೊಂಡೆ. ಅದು ಇನ್ನೂ ಬಿಸಿಯಾಗಿತ್ತು. ನನಗೆ ಹನ್ನೊಂದು ವರ್ಷ.

"ಇವತ್ತೇ ಕಡೆ ಕಣಮ್ಮಿ," ಎಂದಳು ಅತ್ತೆ. ಎತ್ತುಗಳ ಮೈ ಒರೆಸುವ ಬಟ್ಟೆಯಿಂದಲೇ ಅವಳು ದಿನಾ ಕಾರಿನ ಗಾಜನ್ನೂ ಒರೆಸುತ್ತಿದ್ದಳು. "ನಾಳಿಂದ ಅದಕ್ಕೊಂದು ಮಂಕರಿ ಕವುಚಿ ಹಾಕ್ಬೇಕು. ಕಾರು ಓಡಾಡೋರ ಮನೆ ಸೇರ್ಲಿ ಬುಡು. ಸುಮ್ನೆ ನಿಂತ್ಕಂಡು ಅದು ತಾನೆ ಏನ್ ಮಾಡ್ತದ?"

ಕಾರನ್ನು ಕೊಳ್ಳುತ್ತಿದ್ದವರು ಗುಂಡ್ಲುಪೇಟೆಯ ಅಮೀರ್ ಸಾಬ್ರು. ಹಾಸಿಗೆ ಹೊಲಿಯುವವರು. ಗಾದಿ ಸಾಬ್ರು ಎಂದೇ ಎಲ್ಲರೂ ಕರೆಯುತ್ತಿದ್ದದ್ದು. ಅವರು ಹಿಂದಿನ ವಾರವೇ ಒಬ್ಬ ಮೆಕ್ಯಾನಿಕ್ಕನ್ನು ಕರೆತಂದು, ಬ್ಯಾಟರಿ ಬದಲಾಯಿಸಿ, ಚಕ್ರಗಳಿಗೆ ಗಾಳಿ ತುಂಬಿಸಿ, ಎಂಜಿನ್ ಶಬ್ದ ಮಾಡುವುದನ್ನು ಕಿವಿಯಾರೆ ಕೇಳಿ ಹೋಗಿದ್ದರು. ಮಾತುಕತೆ ಮುಗಿದಿತ್ತು. ಈ ದಿನ ಬಂದು ಕಾರನ್ನು ತೆಗೆದುಕೊಂಡು ಹೋಗುವುದಷ್ಟೇ ಬಾಕಿ.

ಅಪ್ಪ ಎಂಟರ ಬಸ್ಸಿಗೆ ಬಂದರು. ಅವರು ಸರ್ಕಾರಿ ಶಾಲೆಯ ಮೇಷ್ಟ್ರು. ತಮ್ಮ ಶಾಲೆಗೆ ನನ್ನನ್ನು ಸೇರಿಸದೆ ಚಾಮರಾಜನಗರದ ಕಾನ್ವೆಂಟಿಗೆ ಸೇರಿಸಿದ್ದರು. ಅದನ್ನು ಹೇಳುವಾಗ ಅವರ ಮುಖದಲ್ಲಿ ಹೆಮ್ಮೆಯ ಜೊತೆಗೆ ಸ್ವಲ್ಪ ಸಂಕೋಚವೂ ಇರುತ್ತಿತ್ತು. ಅತ್ತೆ ಅವರಿಗೆ ರಾಗಿ ರೊಟ್ಟಿ, ಹುಚ್ಚೆಳ್ಳಿನ ಚಟ್ನಿ ಹಾಕಿಕೊಟ್ಟು ಎದುರಿಗೇ ಕೂತಳು.

"ನಂಜುಂಡ, ಕಾರಿನ ಕಂದಾಯ ಎಲ್ಲಾ ಸರಿಗದ ತಾನೆ?"

ರೋಡ್ ಟ್ಯಾಕ್ಸಿಗೆ ಅತ್ತೆ ಹೇಳುತ್ತಿದ್ದದ್ದು ಕಂದಾಯವೆಂದೇ. ಹೊಲಕ್ಕೆ ಹೇಗೋ ಕಾರಿಗೂ ಹಾಗೇ, ವರ್ಷವರ್ಷವೂ ಕಟ್ಟಬೇಕೆಂದು ಅವಳಿಗೆ ಗೊತ್ತಿತ್ತು. ಮಾವ ಹೋದ ಮೇಲೆ ಆ ಕೆಲಸವನ್ನು ಅಪ್ಪನಿಗೆ ವಹಿಸಿದ್ದಳು. ಅಪ್ಪ ಪ್ರತಿ ವರ್ಷವೂ "ಆಯ್ತು ಬುಡಕ್ಕ, ನೋಡ್ಕತೀನಿ" ಎನ್ನುತ್ತಿದ್ದದ್ದನ್ನು ನಾನೇ ಕೇಳಿದ್ದೆ.

"ಚಟ್ನಿ ಒಸಿ ಹಾಕಕ್ಕ," ಎಂದರು ಅಪ್ಪ. "ಕಾಗದ ಎಲ್ಲಾ ಆ ಕವರಲ್ಲೇ ಅದಲ್ಲ."

ಅತ್ತೆ ಚಟ್ನಿ ಹಾಕಿದಳು. ಮತ್ತೆ ಕೇಳಲಿಲ್ಲ.

ನನ್ನ ಮನಸ್ಸು ಬೇರೆ ಕಡೆ ಇತ್ತು. ಸಾಬ್ರು ಕಾರು ತೆಗೆದುಕೊಂಡು ಹೊರಡುವಾಗ ಅಪ್ಪನೂ ನಾನೂ ಅದರಲ್ಲೇ ಗುಂಡ್ಲುಪೇಟೆಯವರೆಗೆ ಹೋಗುವುದು, ಅಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಕೇರಳದವರ ಬೇಕರಿಯಲ್ಲಿ ಫಲೂದಾ ಕೊಡಿಸುವುದು ಎಂದು ಅಪ್ಪ ಮೊದಲೇ ಒಪ್ಪಿಕೊಂಡಿದ್ದರು. ಮೂರು ವರ್ಷ ಕೋಳಿಯ ಮನೆಯಾಗಿದ್ದ ಕಾರು ರಸ್ತೆಯಲ್ಲಿ ಓಡುವುದನ್ನೂ, ನಾನು ಅದರ ಕಿಟಕಿಯಲ್ಲಿ ಕೂತಿರುವುದನ್ನೂ ನೂರು ಸಲ ನೆನೆಸಿಕೊಂಡಿದ್ದೆ. ಇಸ್ತ್ರಿ ಮಾಡಿದ ನೀಲಿ ಫ್ರಾಕನ್ನು ಬೆಳಿಗ್ಗೆಯೇ ಹಾಕಿಕೊಂಡಾಗಿತ್ತು.

ಸಾಬ್ರು ಹತ್ತು ಗಂಟೆಗೆ ಬಂದರು. ಸಣ್ಣ ಆಳು. ಹುಬ್ಬಿನಲ್ಲಿ, ಗಡ್ಡದಲ್ಲಿ ಅಲ್ಲಲ್ಲಿ ಹತ್ತಿಯ ಎಳೆಗಳು. ಕಂಕುಳಲ್ಲಿ ಸುತ್ತಿಟ್ಟ ಒಂದು ತೆಳ್ಳನೆಯ ಹಾಸಿಗೆ. ಬಂದವರೇ ಹಿಂದಿನ ಬಾಗಿಲು ತೆಗೆದು ಅದನ್ನು ಸೀಟಿನ ಮೇಲೆ ಹಾಸಿದರು. ಅದು ಮೂಲೆಯಿಂದ ಮೂಲೆಗೆ ಸರಿಯಾಗಿ ಕೂತಿತು. ಹೋದ ವಾರ ಬಂದಾಗ ಗೇಣಿನಲ್ಲೇ ಅಳತೆ ತೆಗೆದುಕೊಂಡು ಹೋಗಿದ್ದರಂತೆ. ಕೆಂಪು ಬಟ್ಟೆಯ ಮೇಲೆ ಸಣ್ಣ ಬಿಳಿ ಹೂವು.

"ನಮ್ಮ ಅಮ್ಮನಿಗೆ ಅಕ್ಕಾ," ಎಂದು ಅತ್ತೆಗೆ ಹೇಳಿದರು. "ಕಾಲು ಊದ್ಕೊಂಡು ಬಸ್ಸಿನ ಮೆಟ್ಲು ಹತ್ತೋಕಾಗಲ್ಲ. ಬತ್ತೇರಿಯಲ್ಲಿ ಅವಳ ತಂಗಿ ಹಾಸಿಗೆ ಹಿಡಿದವ್ಳೆ. ಒಂದ್ಸಲ ಅಕ್ಕನ್ನ ತೋರ್ಸಿ ಅಂತ ನೆನ್ನೆ ಹೇಳಿ ಕಳ್ಸವ್ರೆ. ಇವತ್ತೇ ಹೊರಡ್ತೀವಿ. ಹಿಂದೆ ಕಾಲು ಚಾಚ್ಕೊಂಡು ಆರಾಮಾಗಿ ಬರ್ತಾಳೆ."

"ಹಂಗಾದ್ರ ತಡ ಮಾಡ್ಬ್ಯಾಡಿ," ಎಂದಳು ಅತ್ತೆ. "ಆದ್ರ ಐಬು ಹೇಳ್ಬುಡ್ತೀನಿ. ಹೇಳ್ದೆ ನಮ್ಮ ಹಟ್ಟಿಯಿಂದ ಏನೂ ಹೊರಕ್ಕ ಹೋಗಿಲ್ಲ."

ಹಟ್ಟಿ ಅಂದರೆ ಮನೆ, ಐಬು ಅಂದರೆ ಕೊರತೆ, ದೋಷ. ಅತ್ತೆಯ ಮನೆಯಲ್ಲಿ ಎತ್ತು, ಹಸು, ಕಡೆಗೆ ಒಂದು ಆಡನ್ನು ಮಾರುವಾಗಲೂ ಮಾಡುತ್ತಿದ್ದ ಪದ್ಧತಿ ಅದು. ಮಾರುವವರು ಪ್ರಾಣಿಯ ಬೆನ್ನ ಮೇಲೆ ಕೈಯಿಟ್ಟು, ಕೊಳ್ಳುವವರಿಗೆ ಅದರ ಐಬುಗಳನ್ನೆಲ್ಲ ಒಂದೂ ಬಿಡದೆ ಹೇಳಬೇಕು. ಒದೆಯುವ ಚಾಳಿ, ಕೆಟ್ಟ ಸುಳಿ, ಯಾವ ಕಾಲು ಕುಂಟುತ್ತದೆ, ಎಲ್ಲವನ್ನೂ. ಕೈ ಮೇಲಿಟ್ಟು ಹೇಳಿದ್ದೇ ಪತ್ರ, ಅದೇ ಸಾಕ್ಷಿ. ನಾನು ಹಿಂದಿನ ರಜೆಯಲ್ಲಿ ಕರು ಮಾರಿದಾಗ ಅದನ್ನು ನೋಡಿದ್ದೆ.

"ಅಕ್ಕ, ಇದು ಎತ್ತಲ್ಲ, ಕಾರು," ಎಂದು ಅಪ್ಪ ನಕ್ಕರು.

"ಎತ್ತಾದ್ರ ನೋಡ್ದವ್ರಿಗೆ ಅರ್ಧ ಐಬು ಅದೇ ಹೇಳ್ತದ. ಇದು ಬಾಯಿ ಬುಡ್ತದ?"

ಅತ್ತೆ ಸೆರಗು ಬಿಗಿದುಕೊಂಡು ಬಾನೆಟ್ಟಿನ ಮೇಲೆ ಅಂಗೈ ಇಟ್ಟಳು. ಕಾರನ್ನು ಆಗಲೇ ಕೊಟ್ಟಿಗೆಯಿಂದ ಅಂಗಳಕ್ಕೆ ತಳ್ಳಿ ನಿಲ್ಲಿಸಿದ್ದರು. "ಕೇಳಿ ಸಾಬ್ರೆ. ಬ್ರೇಕ್ ಹಾಕಿದ್ರ ಎಡಕ್ಕ ಎಳೀತದ, ನಮ್ಮೆಜಮಾನ್ರು ದಿನಾ ಬಯ್ಯೋರು. ಹಿಂದಗಡ ಗಾಜು ಏರಾಕಿಲ್ಲ. ಮಳೆ ಬಂದ್ರ ಡ್ರೈವರ್ ಕಾಲ್ ತಾವ ಸೋರ್ತದ. ಹಾರನ್ನು ಒಂದೊಂದ್ ಸಲ ಕೂಗಿದ್ರ ನಿಲ್ಲಾಕಿಲ್ಲ. ತೆರಕಣಾಂಬಿ ಸಂತೇಲಿ ಒಂದ್ಸಲ ಕೂಗ್ಕಂಡೇ ನಿಂತಿತ್ತು, ಜನ ಎಲ್ಲ ಬಂದು ನೋಡದೇ ನೋಡದು. ಹಿಂದಿನ ಸೀಟಲ್ಲಿ ಕೋಳಿ ಮೊಟ್ಟ ಇಟ್ಟದ, ತೊಳ್ದಿವ್ನಿ, ವಾಸ್ನ ಹೋಗಿಲ್ಲ."

"ಕೋಳಿಯನ್ನೂ ಸೇರಿಸಿ ಕೊಡ್ತೀರಾ ಅಕ್ಕಾ?" ಎಂದರು ಸಾಬ್ರು. ಎಲ್ಲರೂ ನಕ್ಕೆವು.

ಅತ್ತೆ ನಗುತ್ತಲೇ ಕವರನ್ನು ಎತ್ತಿಕೊಂಡಳು. ಯಾವುದೋ ಬಟ್ಟೆ ಅಂಗಡಿಯ ಹಳೇ ಪ್ಲಾಸ್ಟಿಕ್ ಕವರು. ಅದರೊಳಗೆ ಕಾರಿನ ಕಾಗದಗಳು. "ಕಾಗದಕ್ಕೂ ಐಬಿರ್ತದ. ಅದು ನಂಗ ಗೊತ್ತಾಗಾಕಿಲ್ಲ, ಎಲ್ಲಾ ಇಂಗ್ಲೀಷು."

"ನಾನು ನೋಡಿದೀನಲ್ಲಕ್ಕ," ಎಂದರು ಅಪ್ಪ.

"ನೀನು ಮಾರೋರ ಕಡೆಯವ್ನು ಕಣಪ್ಪ. ನಿನ್ ಮಾತ ಅವ್ರು ಯಾಕ ನಂಬ್ಬೇಕು? ಕೂಸು ಓದ್ಲಿ. ಕಾನ್ವೆಂಟ್ ಕೂಸು, ಪಟಪಟನೆ ಓದ್ತದ."

"ಹೌದು ಬೇಟಿ, ನೀನೇ ಓದು," ಎಂದರು ಸಾಬ್ರು. "ಮಗು ಬಾಯಲ್ಲಿ ಬಂದ್ರೆ ನಂಗೂ ಸಮಾಧಾನ."

ಆ ವರ್ಷ ಇಂಗ್ಲೀಷ್ ಓದುವುದರಲ್ಲಿ ನನಗೆ ಮೊದಲ ಬಹುಮಾನ ಬಂದಿತ್ತು. ಸಿಸ್ಟರ್ ನನ್ನನ್ನು ಪ್ರಾರ್ಥನೆಯ ಹೊತ್ತಿಗೆ ಮುಂದೆ ನಿಲ್ಲಿಸಿ ಓದಿಸುತ್ತಿದ್ದರು. ಹಾಗೇ ನೆಟ್ಟಗೆ ನಿಂತುಕೊಂಡೆ. "ಕೈ ಮಡಗು ಕಣಮ್ಮಿ," ಎಂದಳು ಅತ್ತೆ. ಬಾನೆಟ್ಟಿನ ಮೇಲೆ ಕೈಯಿಟ್ಟೆ. ಬಿಸಿಲಿಗೆ ಕಾದು ಅದು ಚುರುಗುಟ್ಟುತ್ತಿತ್ತು, ಆದರೆ ತೆಗೆಯಲಿಲ್ಲ.

ಮಾವನ ಹೆಸರು ಓದಿದೆ. ಕಾರಿನ ನಂಬರು, ಬಣ್ಣ, ಎಷ್ಟು ಜನ ಕೂರಬಹುದು ಎಂಬುದನ್ನು ಓದಿದೆ. ಪ್ರತಿಯೊಂದನ್ನೂ ಮೊದಲು ಇಂಗ್ಲೀಷಿನಲ್ಲಿ ಓದಿ, ಆಮೇಲೆ ಕನ್ನಡದಲ್ಲಿ ಹೇಳಿದೆ. ಸಾಬ್ರು ಪ್ರತಿ ಸಲವೂ ತಲೆಯಾಡಿಸಿದರು. ಕಡೆಯದು ಒಂದು ಸಣ್ಣ ಕಾರ್ಡು, ಮೂಲೆ ಸವೆದಿತ್ತು, ಮೇಲೆ ನೇರಳೆ ಬಣ್ಣದ ಸೀಲು. ತೆರಿಗೆ ಯಾವಾಗಿನವರೆಗೆ ಕಟ್ಟಿದೆ ಎಂದು ಬರೆಯುವ ಸಾಲುಗಳು ಒಂದರ ಕೆಳಗೊಂದು ಇದ್ದವು. ಮಾವ ಇದ್ದಾಗಿನ ಸಾಲುಗಳೆಲ್ಲ ತುಂಬಿದ್ದವು. ಆಮೇಲಿನವು ಖಾಲಿ. ಮೂರು ವರ್ಷ ಖಾಲಿ.

ನಾನು ದಡ್ಡಿಯಾಗಿರಲಿಲ್ಲ. ನೋಡಿದ ಕೂಡಲೇ ಅರ್ಥವಾಯಿತು. ಅಪ್ಪನ ಕಡೆ ನೋಡಿದೆ. ಅವರು ಕನ್ನಡಕ ತೆಗೆದು ಶರ್ಟಿನ ತುದಿಯಿಂದ ಒರೆಸುತ್ತಿದ್ದರು. ಒರೆಸುತ್ತಲೇ ಇದ್ದರು.

ಇದನ್ನು ಬರೆಯುವಾಗ ಹೇಳಲೇಬೇಕು: ಅಪ್ಪ ನನಗೆ ಕಣ್ಸನ್ನೆ ಮಾಡಲಿಲ್ಲ. ಕೆಮ್ಮಲಿಲ್ಲ. ಸುಳ್ಳು ಹೇಳು ಎಂದು ಯಾರೂ ಹೇಳಲಿಲ್ಲ. ಬಹಳ ವರ್ಷ ನಾನು ಅಪ್ಪನ ಮರ್ಯಾದೆ ಉಳಿಸಲೆಂದು ಹಾಗೆ ಮಾಡಿದೆ ಎಂದು ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಸ್ವಲ್ಪ ನಿಜ. ಅದಕ್ಕಿಂತ ಹೆಚ್ಚು ನಿಜವಾದದ್ದು, ಈಗ ಮಾತು ನಿಂತರೆ ಕಾರು ನಿಲ್ಲುತ್ತದೆ, ಕಾರು ನಿಂತರೆ ಕಿಟಕಿಯೂ ಇಲ್ಲ, ಫಲೂದಾವೂ ಇಲ್ಲ ಎಂಬುದು ನನ್ನ ತಲೆಯಲ್ಲಿ ಮೊದಲು ಬಂತು ಎನ್ನುವುದು.

"ಇದರಲ್ಲೇನಿಲ್ಲ ಅತ್ತೆ," ಎಂದೆ. "ಎಲ್ಲಾ ಸರಿಯಾಗಿದೆ."

"ಕಂದಾಯ?"

"ಕಟ್ಟಿದೆ."

ಅತ್ತೆಯ ಮುಖ ಅರಳಿತು. ಸಾಬ್ರ ಕಡೆ ತಿರುಗಿ, "ಕಾಗದಕ್ಕ ಐಬಿಲ್ಲ," ಎಂದಳು. ಅದನ್ನು ಹೇಳುವಾಗ ಅವಳ ಕೈಯೂ ಬಾನೆಟ್ಟಿನ ಮೇಲೆಯೇ ಇತ್ತು. ನನ್ನ ಕೈಯ ಪಕ್ಕ, ಬಿರುಕು ಬಿಟ್ಟ ಬೆರಳುಗಳು, ಬಳೆಯಿಲ್ಲದ ಮುಂಗೈ.

ಗುಂಡ್ಲುಪೇಟೆಯವರೆಗೆ ಕಾರು ಚೆನ್ನಾಗಿಯೇ ಓಡಿತು. ದಾರಿಯಲ್ಲಿ ಚೆಂಡುಹೂವಿನ ಹೊಲಗಳಿದ್ದವು, ಬೇರೆ ದಿನವಾಗಿದ್ದರೆ ನೋಡಲು ಎರಡು ಕಣ್ಣೂ ಸಾಲದು ಎನ್ನಿಸುತ್ತಿತ್ತು. ನಾನು ಕಿಟಕಿಯಲ್ಲೇ ಕೂತಿದ್ದೆ, ಆದರೆ ನನ್ನ ಗಮನವೆಲ್ಲ ನನ್ನ ಅಂಗೈ ಮೇಲಿತ್ತು. ಅದು ಕೆಂಪಗಾಗಿತ್ತು. ಹೊಸ ಹಾಸಿಗೆ ಕೊಳೆಯಾಗಬಾರದೆಂದು ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡಿದ್ದೆ. ಅಪ್ಪ ಮುಂದೆ ಕೂತು, ಕಾರು ಓಡಿಸುತ್ತಿದ್ದ ಸಾಬ್ರನ್ನು ಹತ್ತಿಯ ವಿಷಯ ಕೇಳುತ್ತಿದ್ದರು. ಅಷ್ಟೊಂದು ಪ್ರಶ್ನೆಗಳನ್ನು ಅವರು ಯಾರಿಗೂ ಕೇಳುವವರಲ್ಲ.

ಸಾಬ್ರ ಮನೆಯ ಮುಂದೆ ಅವರ ತಾಯಿಯನ್ನು ಇಬ್ಬರು ಹೆಂಗಸರು ತೋಳು ಹಿಡಿದು ಕರೆತಂದರು. ಪಾದಗಳು ಊದಿ ಚಪ್ಪಲಿಗೆ ಹಿಡಿಸದೆ, ಹಳೇ ಟವೆಲಿನ ತುಂಡುಗಳನ್ನು ಸುತ್ತಿದ್ದರು. ಅವರು ಸೀಟಿನ ಮೇಲೆ ಕೂತು, ಒಂದೊಂದಾಗಿ ಕಾಲು ಎತ್ತಿಸಿಕೊಂಡು ಚಾಚಿ, ಹಾಸಿಗೆಯನ್ನು ಕೈಯಿಂದ ಸವರಿ ನೋಡಿದರು. ಮಡಿಲಲ್ಲಿ ತಂಗಿಗೆಂದು ಕಟ್ಟಿಕೊಂಡ ಗಂಟಿತ್ತು. ಅದನ್ನು ಬಿಚ್ಚಿ ನನ್ನ ಕೈಗೆ ಎರಡು ಖರ್ಜೂರ ಕೊಟ್ಟರು.

"ಇದೇ ಮಗು ಕಾಗದ ಎಲ್ಲಾ ಓದಿದ್ದು," ಎಂದು ಸಾಬ್ರು ನಮ್ಮೆದುರು ಕನ್ನಡದಲ್ಲಿ ಹೇಳಿ, ತಾಯಿಗೆ ಮತ್ತೆ ತಮ್ಮ ಮಾತಿನಲ್ಲಿ ಹೇಳಿದರು. ಆಕೆ ನನ್ನ ಕೆನ್ನೆ ಮುಟ್ಟಿ, ತಮ್ಮ ಹಣೆಯ ಪಕ್ಕ ಬೆರಳು ಮುರಿದು ನೆಟಿಗೆ ತೆಗೆದರು. ಕಾರು ಕಾಡಂಚಿನ ಮದ್ದೂರಿನ ದಾರಿ ಹಿಡಿಯಿತು. ಆ ದಾರಿಯಲ್ಲಿ ಕಾಡು ದಾಟಿದರೆ ಕೇರಳದ ಬತ್ತೇರಿ.

ಬೇಕರಿಯಲ್ಲಿ ಅಪ್ಪ ಫಲೂದಾ ಹೇಳಿದರು. ನನ್ನ ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆದರೆ ಚೆನ್ನಾಗಿರುತ್ತಿತ್ತು. ಇಳಿಯಿತು. ಶಾವಿಗೆ, ಕಾಮಕಸ್ತೂರಿ ಬೀಜ, ತಳದಲ್ಲಿ ಉಳಿದ ಗುಲಾಬಿ ಬಣ್ಣದ ಪಾಕ, ಎಲ್ಲವನ್ನೂ ಚಮಚದಿಂದ ಕೆರೆದು ತಿಂದೆ. ಅಪ್ಪ ನೋಡುತ್ತಿದ್ದರು.

"ಇನ್ನೊಂದು ತಗೋತೀಯ?"

ಅಪ್ಪ ಎಂದೂ ಯಾವುದನ್ನೂ ಎರಡನೇ ಸಲ ಕೊಡಿಸಿದವರಲ್ಲ. ಆ ಎರಡನೆಯದು ಯಾತಕ್ಕೆ ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಬೇಡ ಎಂದೆ.

"ಮುಂದಿನ ವಾರ ನಾನೇ ಹೋಗಿ ಕಟ್ಟಿಬಿಡ್ತೀನಿ," ಎಂದರು ಟೇಬಲ್ಲಿನ ಮೇಲಿನ ನೀರಿನ ಗುರುತನ್ನು ಬೆರಳಿನಿಂದ ಅಳಿಸುತ್ತ. "ಇವತ್ತು ನಾಳೆ ಅಂತ ಹಾಗೇ ಉಳಿದುಬಿಡ್ತು. ಅತ್ತೆ ಮುಂದೆ ಹೇಳಬೇಡ ಮಗಾ."

ನಾನು ತಲೆಯಾಡಿಸಿದೆ. ನಾವಿಬ್ಬರೂ ಹಾಗೆ ಒಬ್ಬರ ಮುಖ ಒಬ್ಬರು ನೋಡದೆ ಬಸ್ಸಿನಲ್ಲಿ ತೆರಕಣಾಂಬಿಗೆ ಹಿಂದಿರುಗಿದೆವು.

ಆ ಸಂಜೆ ನಡೆದದ್ದನ್ನು ಹೇಳುವ ಮುಂಚೆ ಆಮೇಲಿನದನ್ನು ಹೇಳಿ ಮುಗಿಸುತ್ತೇನೆ. ಸಂಜೆಯ ನಂತರ ನನಗೆ ಹೇಳಲು ಏನೂ ಉಳಿಯುವುದಿಲ್ಲ.

ಅತ್ತೆಗೆ ಎಲ್ಲವೂ ಗೊತ್ತಾಯಿತು. ಅವಳು ನನ್ನನ್ನು ಬಯ್ಯಲಿಲ್ಲ, ಹೊಡೆಯಲಿಲ್ಲ. ಅಪ್ಪನನ್ನು ಮಾತ್ರ ಎಬ್ಬಿಸಿಕೊಂಡು ಮಾರನೇ ದಿನ ಮೊದಲ ಬಸ್ಸಿಗೆ ಹೋಗಿ, ಕಟ್ಟಬೇಕಾದದ್ದನ್ನೆಲ್ಲ ಕಟ್ಟಿಸಿ, ಸಾಬ್ರ ಮನೆ ಬಾಗಿಲಲ್ಲಿ ನಿಂತು ಬಂದಳು. ಅಲ್ಲಿ ಏನು ಮಾತಾಯಿತೋ ಇಬ್ಬರೂ ಹೇಳಲಿಲ್ಲ. ಆ ತಾಯಿ ತಂಗಿಯನ್ನು ನೋಡಿದರೇ ಇಲ್ಲವೇ ಎಂದು ಕೇಳುವ ಧೈರ್ಯ ನನಗೆ ಅಂದು ಬರಲಿಲ್ಲ, ಇಂದಿಗೂ ಬಂದಿಲ್ಲ.

ಕಾರು ಮಾರುವ ಮುಂಚಿನ ರಜೆಗಳಲ್ಲಿ ಅತ್ತೆ ಎಲ್ಲ ಕಾಗದಗಳನ್ನೂ ನನಗಾಗಿ ಎತ್ತಿಟ್ಟಿರುತ್ತಿದ್ದಳು. ಗೊಬ್ಬರದ ಚೀಲದ ಮೇಲಿನ ಬರಹ, ಔಷಧಿಯ ಡಬ್ಬಿ, ಕರೆಂಟಿನವರ ಚೀಟಿ, ರಜೆಗೆ ಬಂದ ಕೂಡಲೇ ಮುಂದೆ ಹರಡಿ, "ಓದಮ್ಮಿ" ಎಂದು ಎದುರಿಗೆ ಕೂರುತ್ತಿದ್ದಳು. ಓದುವಾಗ ನನ್ನ ಬಾಯನ್ನೇ ನೋಡುತ್ತಿದ್ದಳು. ಮುಂದಿನ ರಜೆಗೆ ಹೋದಾಗ ಅಂಥದ್ದು ಏನೂ ಇರಲಿಲ್ಲ. ಗೋಡೆಯ ಗೂಡಿನಲ್ಲಿ ಕಾಗದಗಳಿದ್ದವು, ಕೇಳಿದರೆ "ಪೋಸ್ಟಿನವ್ರು ಓದುದ್ರು ಬುಡು" ಎಂದಳು. ಪ್ರೀತಿ ಕಡಿಮೆಯಾಗಲಿಲ್ಲ. ತಲೆಗೆ ಎಣ್ಣೆ ಒತ್ತುವುದು, ಬಿಸಿ ಮುದ್ದೆಗೆ ತುಪ್ಪ ಹಾಕುವುದು, ಎಲ್ಲವೂ ಮೊದಲಿನಂತೆಯೇ. ಓದು ಎಂದು ಮಾತ್ರ ಸಾಯುವವರೆಗೂ ಹೇಳಲಿಲ್ಲ.

ಅಪ್ಪನೂ ನಾನೂ ಅದರ ಬಗ್ಗೆ ಮತ್ತೆ ಮಾತಾಡಲಿಲ್ಲ. ಹೋದ ವರ್ಷ ನಮ್ಮ ಮನೆಯವರು ಹಳೇ ಸ್ಕೂಟರನ್ನು ಮಾರುವಾಗ, ಕೊಳ್ಳಲು ಬಂದ ಹುಡುಗಿಗೆ ನಾನು ಸೀಟಿನ ಮೇಲೆ ಕೈಯಿಟ್ಟು ಒಂದೊಂದೇ ಐಬು ಹೇಳತೊಡಗಿದೆ. ಅವಳು ನಕ್ಕು, "ಆಂಟಿ, ಫೋಟೋ ಎಲ್ಲಾ ನೋಡಿದೀನಿ, ಇರ್ಲಿ ಬಿಡಿ" ಎಂದಳು. ಹೇಳುವವರು ಇರಲಿ, ಕೇಳಿಸಿಕೊಳ್ಳುವವರೂ ಈಗ ಇಲ್ಲ. ಇದ್ದ ಕಾಲದಲ್ಲಿ, ಕೇಳಿ ನಂಬಿದವರೊಬ್ಬರು ಎದುರಿಗೇ ನಿಂತಿದ್ದಾಗ, ಕೈಯಿಟ್ಟು ಸುಳ್ಳು ಹೇಳಿದವಳು ನಾನು.

ಆ ಸಂಜೆ ನಾನು ಜಗುಲಿಯಲ್ಲಿ ಕೂತು ಅತ್ತೆಗೆ ಬೆಳ್ಳುಳ್ಳಿ ಬಿಡಿಸಿಕೊಡುತ್ತಿದ್ದೆ. ಅಪ್ಪ ಕಂಬಕ್ಕೆ ಒರಗಿ ಪೇಪರ್ ಓದುತ್ತಿದ್ದರು. ಅತ್ತೆ ಹಗುರಾಗಿದ್ದಳು. ಕಾರು ನಿಂತಿದ್ದ ಜಾಗವನ್ನು ಸಾರಿಸಿ, "ನಮ್ಮೆಜಮಾನ್ರ ಕಾರು ಒಂದು ಒಳ್ಳೇ ಕೆಲ್ಸಕ್ಕ ಹೋಯ್ತು" ಎಂದು ಎರಡು ಸಲ ಹೇಳಿದ್ದಳು.

ಪಕ್ಕದ ಮನೆಯ ಮಾದಪ್ಪಣ್ಣ ಟೊಮೆಟೊ ಟೆಂಪೋ ಓಡಿಸುತ್ತಿದ್ದವನು. ಬೆಳಗಿನ ಜಾವ ಕೇರಳಕ್ಕೆ ಲೋಡು ಇಳಿಸಲು ಹೋಗಿ ಸಂಜೆ ಬರುತ್ತಿದ್ದ. ಬಂದವನು ನಮ್ಮ ತೊಟ್ಟಿಯಲ್ಲೇ ಕೈಕಾಲು ತೊಳೆದುಕೊಂಡು, ಹೆಗಲ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತ ಅತ್ತೆಯನ್ನು ಕೂಗಿದ.

"ಸಾಕಕ್ಕ, ಬರ್ತಾ ಮದ್ದೂರು ಗೇಟ್ ತಾವ ನಿಮ್ ಕಾರ್ ನೋಡ್ದಿ. ಚೆಕಿಂಗ್ನವ್ರು ಹಿಡ್ದು ನಿಲ್ಸವ್ರ, ಮೂರ್ ವರ್ಸದ ಕಂದಾಯ ಇಲ್ವಂತ. ಆ ಅವ್ವ ಪಾಪ ಮರದ್ ಬುಡುಕ್ಕ ಕಾಲ್ ನೀಡ್ಕಂಡು ಕೂತದ."

ಅತ್ತೆ ಹೊಸೆಯುತ್ತಿದ್ದ ದೀಪದ ಬತ್ತಿಯನ್ನು ಕೆಳಗಿಟ್ಟಳು. ಅಪ್ಪ ಪೇಪರನ್ನು ಮುಖದ ಮಟ್ಟಕ್ಕೆ ಎತ್ತಿಕೊಂಡರು. ಮಾದಪ್ಪಣ್ಣ ಬಗ್ಗಿ ಪಂಚೆಯ ತುದಿ ಹಿಂಡುತ್ತ, ತಮಾಷೆಯ ಸಂಗತಿ ಹೇಳುವವನಂತೆ ಮುಂದುವರಿಸಿದ.

"ಗಾದಿ ಸಾಬ್ರು ಬಲೇ ಗಟ್ಟಿ ಆಸಾಮಿ ಕಣಕ್ಕ. ಅಷ್ಟ್ ಜನದ ಮುಂದ ಆ ಸಾಹೇಬ್ರಿಗೇ ಜೋರು ಮಾಡ್ತಾ ನಿಂತವ್ರ, ಆ ಹಟ್ಟಿ ಕೂಸು ಕೈ ಮಡಗಿ ಓದ್ಹೇಳದ, ನಿಮ್ಗೇ ಸರಿಯಾಗಿ ಓದಾಕ ಬರಾಕಿಲ್ಲ, ಇನ್ನೊಂದ್ಸಲ ಓದ್ನೋಡಿ ಅಂತಾವ."